ಫಾಸ್ಫೇಟ್ ಹಿಡಿಯುವ ತುಕ್ಕು

ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುತ್ತಿದ್ದದ್ದು ನೆನಪಿದೆ ಅಲ್ವಾ? 2015ರಲ್ಲಿ ಅದಕ್ಕೆ ಬೆಂಕಿಯೂ ಹತ್ತಿಕೊಂಡಿತ್ತು. ನೊರೆ ಎಲ್ಲರ ಕಣ್ಣಿಗೂ ಬಿತ್ತು, ಕೊಳಚೆ ನೀರಿನ ಜೊತೆ ಬರುವ ಫಾಸ್ಫೇಟ್ (ರಂಜಕದ ಲವಣ) ಯಾರಿಗೂ ಕಾಣಲಿಲ್ಲ. ಕೆರೆ ತುಂಬಾ ಕಳೆ ಹಬ್ಬೋದಕ್ಕೆ ಅದೇ ಗೊಬ್ಬರ.

ಅದನ್ನು ತೆಗೆಯೋಕೆ ನನಗೆ ಇಷ್ಟವಾದ ದಾರಿ ಕಬ್ಬಿಣದ ಆಕ್ಸೈಡ್, ಅಂದ್ರೆ ಹೆಚ್ಚುಕಡಿಮೆ ತುಕ್ಕು. ಅದರ ಕಂದು ಹರಳುಗಳನ್ನು ಕೊಳವೆಗೆ ತುಂಬಿ ನೀರು ಹಾಯಿಸಿದರೆ, ಹರಳಿನ ಮೈಮೇಲಿದ್ದ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಜಾಗ ಬಿಟ್ಟುಕೊಡುತ್ತದೆ, ಫಾಸ್ಫೇಟ್ ಅಲ್ಲಿಗೆ ಬಂದು ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸುಮ್ನೆ ಸೋಸುವುದಲ್ಲ ಇದು. ಲ್ಯಾಂಥನಮ್ ಅನ್ನೋ ಲೋಹದ ಆಕ್ಸೈಡ್ ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಆದರೆ ದುಬಾರಿ.

ನೀರಲ್ಲಿ ಫಾಸ್ಫೇಟ್ ಇದೆಯಾ ಅಂತ ತಿಳಿಯುವ ಪರೀಕ್ಷೆ ನೋಡೋಕೆ ಚೆಂದ. ಆಮ್ಲ, ಮಾಲಿಬ್ಡೇಟ್ (ಮಾಲಿಬ್ಡಿನಮ್ ಲೋಹದ ಲವಣ), ಜೊತೆಗೆ ವಿಟಮಿನ್ ಸಿ ಹಾಕಿದರೆ ಕೊಳಚೆ ನೀರು ನಿಧಾನಕ್ಕೆ ನೀಲಿಗೆ ತಿರುಗುತ್ತದೆ. ಹೊಸ ಹರಳು ದಾಟಿ ಬಂದ ನೀರಲ್ಲಿ ಬಣ್ಣವೇ ಏಳುವುದಿಲ್ಲ.

ಕ್ಷಾರ ಜಾಸ್ತಿಯಾದರೆ ಮಾತ್ರ ಹಿಡಿತ ಸಡಿಲ. ಅದನ್ನೇ ಬಳಸಿಕೊಂಡು, ಫಾಸ್ಫೇಟ್ ತುಂಬಿಕೊಂಡ ಹರಳನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಫಾಸ್ಫೇಟ್ ಬಿಟ್ಟುಬರುತ್ತದೆ, ಹರಳು ಮತ್ತೆ ಕೆಲಸಕ್ಕೆ ಸಿದ್ಧ. ಆ ದ್ರಾವಣಕ್ಕೆ ಸುಣ್ಣ ಬೆರೆಸಿದರೆ ತಳದಲ್ಲಿ ಕೂರುವ ಬಿಳಿ ಪುಡಿ ಕ್ಯಾಲ್ಸಿಯಂ ಫಾಸ್ಫೇಟ್. ಗೊಬ್ಬರಕ್ಕಾಗಿ ನಾವು ಹಡಗಿನಲ್ಲಿ ತರಿಸುವ ಕಲ್ಲಿನಲ್ಲಿ ಇರುವುದೂ ಬಹುಪಾಲು ಅದೇ.