"ಯಾರಿಗೆ?" ಅಂತ ಕೇಳದೆ ಕೊಟ್ಟ ವಾಂತಿ ಮಾತ್ರೆ

ಕೋಲಾರದ ಒಂದು ಮೆಡಿಕಲ್ ಸ್ಟೋರಿನಲ್ಲಿ ನಾನು ಫಾರ್ಮಸಿಸ್ಟ್. ಇಲ್ಲಿಂದ ಮುಳಬಾಗಿಲು, ಪಲಮನೇರು ದಾಟಿ ತಿರುಪತಿಗೆ ಹೋಗುವವರು ಜಾಸ್ತಿ. ತಿರುಮಲದ ಘಾಟಿ ನೆನೆಸಿಕೊಂಡೇ ಕೆಲವರಿಗೆ ಹೊಟ್ಟೆ ತೊಳಸುತ್ತೆ. "ಎರಡು ವಾಂತಿ ಮಾತ್ರೆ ಕೊಡಿ" ಅನ್ನುತ್ತಾರೆ. ಸ್ಟ್ರಿಪ್ ಕತ್ತರಿಸಿ ಕೊಟ್ಟು ಚಿಲ್ಲರೆ ತಗೊಂಡರೆ ಮುಗೀತು.

ಹಾಗೇ ಒಂದು ಬೆಳಿಗ್ಗೆ ಒಬ್ಬ ಹುಡುಗನಿಗೆ ಪ್ರೊಮೆಥಜೀನ್ 25 ಮಿಲಿಗ್ರಾಂ ಮಾತ್ರೆ ಕೊಟ್ಟೆ. ಯಾರಿಗೆ ಅಂತ ಕೇಳಲಿಲ್ಲ. ಮೂರು ದಿನ ಬಿಟ್ಟು ಅವನೇ ಬಂದ. ಮಾತ್ರೆ ತಾತನಿಗಂತೆ. ತಾತನಿಗೆ ಪ್ರಾಸ್ಟೇಟ್ ದಪ್ಪ ಆಗಿ ಮೊದಲೇ ಮೂತ್ರ ತಡೆದು ತಡೆದು ಬರುತ್ತಿತ್ತು. ದಾರಿಯಲ್ಲಿ ವಾಂತಿ ಏನೂ ಆಗಲಿಲ್ಲ, ಆದರೆ ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡು, ಕಿಬ್ಬೊಟ್ಟೆ ಕಲ್ಲಿನ ಹಾಗೆ ಬಿಗಿದು, ಕೊನೆಗೆ ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿ ತೆಗೆದರಂತೆ. ಹುಡುಗ ಜಗಳ ಆಡಲಿಲ್ಲ. "ಆ ಮಾತ್ರೆಯಿಂದ ಹೀಗಾಗುತ್ತಾ ಅಣ್ಣ?" ಅಂದ ಅಷ್ಟೇ. ಆಗಬಹುದು ಅಂತ ನನಗೆ ಗೊತ್ತಿತ್ತು. ಓದಿ ಪಾಸಾಗಿದ್ದೆ.

ಬಸ್ ತಿರುಗುವಾಗ ಒಳಕಿವಿ ಅಲ್ಲಾಡುತ್ತಿದ್ದೇವೆ ಅನ್ನುತ್ತೆ, ಮುಂದಿನ ಸೀಟನ್ನೇ ನೋಡುವ ಕಣ್ಣು ಸುಮ್ನೆ ಕೂತಿದ್ದೇವೆ ಅನ್ನುತ್ತೆ. ಈ ತಿಕ್ಕಾಟವೇ ವಾಂತಿಯ ಮೂಲ. ಒಳಕಿವಿಯ ಸುದ್ದಿ ಮಿದುಳಿನಲ್ಲಿ ಸಾಗುವುದಕ್ಕೆ, ನರದಿಂದ ನರಕ್ಕೆ ಸಂದೇಶ ದಾಟಿಸುವ ರಾಸಾಯನಿಕವಾದ ಅಸೆಟೈಲ್‌ಕೋಲಿನ್ ಬೇಕು, ಪ್ರೊಮೆಥಜೀನ್ ಅದನ್ನೂ ತಡೆಯುತ್ತೆ. ಕಿವಿ ಹಿಂದೆ ಅಂಟಿಸುವ ಪಟ್ಟಿಯಲ್ಲಿರುವ ಹಯೋಸಿನ್ ಮಾಡುವುದೂ ಇದನ್ನೇ (ನಮ್ಮ ಕಡೆ ಬೇಲಿ ಬದಿಯಲ್ಲಿ ಬೆಳೆಯುವ ಉಮ್ಮತ್ತಿ ಗಿಡದಲ್ಲೂ ಅದಿದೆ). ಮೂತ್ರಕೋಶ ಹಿಂಡುವುದಕ್ಕೂ ಅದೇ ಅಸೆಟೈಲ್‌ಕೋಲಿನ್ ಬೇಕಲ್ವಾ? ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ವಯಸ್ಸಾದವರು ತಬ್ಬಿಬ್ಬಾಗುವುದು ಎಲ್ಲ ಅದನ್ನು ತಡೆಯುವುದರಿಂದಲೇ.

ಈಗ ಕತ್ತರಿ ಮುಟ್ಟುವ ಮೊದಲು ಕೇಳುತ್ತೇನೆ. ಯಾರಿಗೆ, ವಯಸ್ಸೆಷ್ಟು, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದೆಯಾ, ಮೂತ್ರ ಸಲೀಸಾಗಿ ಹೋಗುತ್ತಾ. ಎರಡು ವರ್ಷದೊಳಗಿನ ಮಗುವಿಗೆ ಕೊಡುವುದೇ ಇಲ್ಲ. ಟೊಮೆಟೊ ಲಾರಿ ಡ್ರೈವರ್ ತನಗೇ ಅಂತ ಕೇಳಿದರೂ ಇಲ್ಲ, ನಿದ್ದೆ ಎಳೆಯುತ್ತೆ. ಬದಲಿಗೆ ಒಂಡಾನ್ಸೆಟ್ರಾನ್ ಕೊಡಿ ಅನ್ನುವವರಿದ್ದಾರೆ, ಅದು ಬೇರೆ ವಾಂತಿಗೆ ಒಳ್ಳೆಯದು, ಪ್ರಯಾಣದ ವಾಂತಿಗೆ ಅಷ್ಟಾಗಿ ಆಗಿಬರುವುದಿಲ್ಲ. ಹೊರಡುವುದಕ್ಕೆ ಒಂದೆರಡು ಗಂಟೆ ಮೊದಲೇ ನುಂಗಿ ಅಂತಲೂ ಹೇಳುತ್ತೇನೆ, ವಾಕರಿಕೆ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲೇ ಉಳಿಯುತ್ತೆ.

ಮೊನ್ನೆ ಒಬ್ಬ ಹೆಂಗಸು ಮಾವನಿಗೆ ಅಂತ ಕೇಳಿದರು. ನಾನು ಕೇಳಿದ್ದಕ್ಕೆ ಅಲ್ಲೇ ಮನೆಗೆ ಫೋನ್ ಮಾಡಿದರು, ಅವರಿಗೂ ಪ್ರಾಸ್ಟೇಟ್ ತೊಂದರೆ. ಮಾತ್ರೆ ಕೊಡಲಿಲ್ಲ. ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ರಸ್ತೆ ನೋಡಲಿ, ಹೊಟ್ಟೆ ಬಿರಿಯುವಷ್ಟು ತಿನ್ನುವುದು ಬೇಡ, ಹೊರಡುವ ಮೊದಲು ಅವರ ಡಾಕ್ಟರನ್ನು ಒಂದು ಮಾತು ಕೇಳಿ ಅಂತ ಹೇಳಿ ಕಳಿಸಿದೆ.