ಇಪ್ಪತ್ತೊಂದು ಅಂಕಿಗಳ ಒಂದು ಸಂಖ್ಯೆ

147573952589676412927. ನನಗೆ ತುಂಬಾ ಇಷ್ಟವಾದ ಸಂಖ್ಯೆ. 67 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಇದು ಸಿಗುತ್ತದೆ.

ಇದು ಅವಿಭಾಜ್ಯ ಸಂಖ್ಯೆ ಅಂತ ಫ್ರಾನ್ಸಿನ ಮರ್ಸೆನ್ 1644ರಲ್ಲಿ ಬರೆದಿದ್ದರು. 1876ರಲ್ಲಿ ಗಣಿತಜ್ಞ ಲೂಕಾಸ್, ಇದು ಅವಿಭಾಜ್ಯವಲ್ಲ ಎಂದು ಸಾಧಿಸಿದರು. ಆದರೆ ಯಾವುದರಿಂದ ಭಾಗವಾಗುತ್ತದೆ ಅನ್ನೋದು ಮಾತ್ರ ಅವರಿಗೂ ಸಿಕ್ಕಿರಲಿಲ್ಲ. ಒಡೆಯುವುದು ಖಚಿತ, ಎಲ್ಲಿ ಒಡೆಯುತ್ತದೋ ಗೊತ್ತಿಲ್ಲ! ಗಣಿತದಲ್ಲಿ ಹೀಗೂ ತಿಳಿಯಬಹುದು ಅನ್ನುವುದೇ ನನಗೆ ದೊಡ್ಡ ಬೆರಗು. 1903ರಲ್ಲಿ ಅಮೆರಿಕದ ಕೋಲ್, ಗುಣಿಸಿದರೆ ಈ ಸಂಖ್ಯೆ ಬರುವ ಎರಡು ಅಪವರ್ತನಗಳನ್ನು ಕೊಟ್ಟರು: 193707721 ಮತ್ತು 761838257287.

ಇವತ್ತು ತೀರ್ಥಹಳ್ಳಿಯಲ್ಲಿ ಜೋರು ಮಳೆ, ಕರೆಂಟಿಲ್ಲ. ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳಿದೆ. "ನಿಜಾನಾ ಚಿಕ್ಕಮ್ಮ, ನೋಡೋದು ಹೇಗೆ?" ಅಂದಳು. ಮೊದಲು ಅಂಕಿಗಳನ್ನು ಕೂಡಿಸಿದೆವು. ಮೊದಲನೆಯದಕ್ಕೆ 37, ಎರಡನೆಯದಕ್ಕೆ 64. ಇನ್ನೂ ಕೂಡಿಸುತ್ತಾ ಹೋದರೆ ಎರಡೂ 1ಕ್ಕೆ ಬರುತ್ತವೆ. ದೊಡ್ಡ ಸಂಖ್ಯೆಯ ಅಂಕಿಗಳ ಮೊತ್ತ 109, ಅದೂ ಕೊನೆಗೆ 1. 1ನ್ನು 1ರಿಂದ ಗುಣಿಸಿದರೂ 1 ತಾನೇ. ಇಷ್ಟರಿಂದಲೇ ಸಾಧಿಸಿದಂತಾಗಲ್ಲ, ಆದರೆ ತಾಳೆಯಂತೂ ಆಗುತ್ತದೆ ಅಲ್ವಾ?

ಇನ್ನೊಂದು ಗುಣ ಇದಕ್ಕಿಂತ ಚಂದ. ಈ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯವೇ ಆಗಲಿ, ಅದರಿಂದ 1 ಕಳೆದರೆ 134ರಿಂದ, ಅಂದರೆ 67ರ ಎರಡರಷ್ಟರಿಂದ, ಶೇಷವಿಲ್ಲದೆ ಭಾಗವಾಗಲೇಬೇಕು. ಹಾಗಾಗಿ ಹುಡುಕುವವರು ಸುಮ್ನೆ ಎಲ್ಲ ಸಂಖ್ಯೆಗಳನ್ನೂ ನೋಡಬೇಕಿಲ್ಲ. ಕೋಲ್ ಕೊಟ್ಟ ಎರಡರಿಂದಲೂ 1 ಕಳೆದು, ಪೆನ್ಸಿಲ್ ಹಿಡಿದು 134ರಿಂದ ಭಾಗಿಸಿದೆವು. ಮೊದಲನೆಯದಕ್ಕೆ 1445580 ಬಂತು, ಶೇಷ ಸೊನ್ನೆ. ಎರಡನೆಯದಕ್ಕೆ 5685360129, ಅಲ್ಲೂ ಸೊನ್ನೆ. ಈಗ ಪೂರ್ತಿ ಗುಣಾಕಾರವನ್ನೂ ಮಾಡೋಣ ಅಂತ ಹಠ ಹಿಡಿದಿದ್ದಾಳೆ. ಮಾಡುತ್ತೇವೆ.