ಆಟಿಯಲ್ಲಿ ಬಣ್ಣ ಒಣಗುದಿಲ್ಲ

ಬಣ್ಣದ ಪೆಟ್ಟಿಗೆ ಮುಟ್ಟಿದ್ದು ನನಗೆ 64 ಆದ ಮೇಲೆ. ರಜೆಗೆ ಬಂದ ಮೊಮ್ಮಗಳು ಬಿಟ್ಟು ಹೋದ ವಾಟರ್‌ಕಲರ್ ಅದು, ಕೆಂಪು ಕಪ್ಪು ಮುಗಿದಿತ್ತು, ಉಳಿದದ್ದೆಲ್ಲ ಹಾಗೇ ಉಂಟು, ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಶುರು ಮಾಡಿದ್ದು ಆಟಿಯಲ್ಲಿ, ನಮ್ಮ ತುಳುವರ ಜೋರು ಮಳೆಯ ತಿಂಗಳು, ಅದೇ ತಪ್ಪಾದದ್ದು. ವರ್ಷಕ್ಕೆ 4000 ಮಿಲಿಮೀಟರ್ ಹತ್ರ ಮಳೆ ಬೀಳುವ ಊರಲ್ಲಿ ಜುಲೈಯಲ್ಲಿ ಬಣ್ಣ ಒಣಗ್ಲಿಕ್ಕುಂಟಾ? ಬೆಳಿಗ್ಗೆ ಹಚ್ಚಿದ ಹಸಿರು ಸಂಜೆಗೂ ಒದ್ದೆ, ಪಕ್ಕದಲ್ಲಿ ನೀಲಿ ಇಟ್ರೆ ಎರಡೂ ಕಲಸಿ ಒಂದು ರೀತಿಯ ಕೆಸರು, ಕಾಗದ ಬೇರೆ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿ ಕೂತ್ಕೊಂಡಿತು. ಬಚ್ಚಲಿನ ಒಲೆ ಹತ್ರ ಹಿಡಿದು ಒಣಗಿಸ್ಲಿಕ್ಕೆ ಹೋಗಿ ಒಂದು ಮೂಲೆ ಕರಟಿಸಿದೆ. ಉಳಿದದ್ದಕ್ಕೆ ಬೂಸ್ಟು ಹಿಡಿಯಿತು.

ನಂದು ಉಡುಪಿ ಜಿಲ್ಲೆಯ ಕಟಪಾಡಿ ಹತ್ರ, ಶಂಕರಪುರದ ಮಲ್ಲಿಗೆ ಕಡೆ. ಇಲ್ಲಿ ಹೆಂಗಸರಿಗೆ ಹೂ ಕಟ್ಲಿಕ್ಕೆ ಯಾರೂ ಕಲಿಸುದಿಲ್ಲ, ಬಂದೇ ಬರ್ತದೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದ್ರೆ 3200 ಮೊಗ್ಗು, ಬಾಳೆ ನಾರನ್ನು ನೆನೆಸಿ ಸಪೂರ ಸೀಳಿ ಟೀವಿ ನೋಡ್ತಾ ಕಟ್ಟಿ ಬಿಸಾಡ್ತಿದ್ದೆ. ಈಗ ಹೆಬ್ಬೆರಳಿನ ಬುಡದಲ್ಲಿ ನೋವು, ನಾರು ಎಳೆದು ಬಿಗಿ ಮಾಡುವಾಗ ಕಣ್ಣಲ್ಲಿ ನೀರು ಬರ್ತದೆ. ಡಾಕ್ಟ್ರು ಸವಕಳಿ ಅಂದ್ರು, ಟಯರಿನ ವಿಷಯ ಹೇಳಿದ ಹಾಗೆ. ಬ್ರಶ್ ಆದ್ರೆ ಹಿಡಿಯುದೇ ಸಡಿಲ, ನೋವಿಲ್ಲ. ಅದಕ್ಕೇ ಅದು ಹಿಡಿಸಿದ್ದು, ದೊಡ್ಡ ಕಲೆ ಗಿಲೆ ಅಂತ ಏನಲ್ಲ.

ಮಗ ಫೋನಲ್ಲಿ "ಒಳ್ಳೆದಾಯ್ತು ಅಮ್ಮ, ಟೈಂಪಾಸ್ ಆಗ್ತದೆ" ಅಂದ. ಸಿಟ್ಟು ಬಂತು ನನಗೆ. ಅವನ ಕ್ರಿಕೆಟ್ಟಿಗೆ ನಾನು ಯಾವತ್ತೂ ಟೈಂಪಾಸ್ ಅಂದವಳಲ್ಲ.

ಮಳೆ ಬಿಟ್ಟ ಮೇಲೆ ಕಾರ್ತಿಕದಲ್ಲಿ ಸ್ವಲ್ಪ ದಿನ ಬ್ರಶ್ ಮುಟ್ಲಿಲ್ಲ, ಉಡುಪಿ ಕೃಷ್ಣ ಮಠದ ಲಕ್ಷದೀಪೋತ್ಸವ ಹತ್ರ ಬಂತು, ಮನೆ ದೀಪಕ್ಕೂ ಹೂಬತ್ತಿ ಬೇಕಲ್ಲ, ಬೆರಳಿಗೆ ಚೂರು ವಿಭೂತಿ ಮುಟ್ಟಿಸಿ ಹತ್ತಿ ಹೊಸೆಯುದು, ಅದು ನೋವಿಗೂ ನಡೀತದೆ. ಚಳಿ (ನಮ್ಮಲ್ಲಿ ಚಳಿ ಅಂದ್ರೆ ಬೆಳಿಗ್ಗೆ ಆರಕ್ಕೆ ಒಂದು ಶಾಲು) ಬಂದಾಗ ಬಣ್ಣಕ್ಕೆ ಒಳ್ಳೆ ಹದ, ಹಚ್ಚಿ ಕಾಫಿ ಕುಡಿದು ಬರುವಷ್ಟ್ರಲ್ಲಿ ಒಣಗಿರ್ತದೆ. ಏಪ್ರಿಲ್ ಮೇಯಲ್ಲಿ ಇದರ ಉಲ್ಟಾ, ಬ್ರಶ್ ತುದಿಯಲ್ಲೇ ಒಣಗಿ ಹೋಗ್ತದೆ, ಹಣೆಯ ಬೆವರು ಬಿದ್ದು ಆಕಾಶದಲ್ಲಿ ತೂತು. ಆಗ ಸುಮ್ಮನೆ ಹಲಸಿನ ಹಪ್ಪಳಕ್ಕೆ ಕೂತ್ಕೊಳ್ಳುದು ಒಳ್ಳೆದು.

ಮಲ್ಲಿಗೆ ಬಿಡಿಸುದು ಮಾತ್ರ ತಲೆ ತಿಂದಿತು. ಬಿಳಿ ಕಾಗದದ ಮೇಲೆ ಬಿಳಿ ಹೂ ಹೇಗೆ ಮಾಡುದು ಮಾರಾಯ್ರೆ? ಬಿಳಿ ಬಣ್ಣ ಹಾಕಿದ್ರೆ ಸುಣ್ಣ ಬಳಿದ ಹಾಗೆ ಕಾಣ್ತದೆ. ಯೂಟ್ಯೂಬಲ್ಲಿ ನೋಡಿ ಗೊತ್ತಾಯ್ತು, ಮೊಗ್ಗಿನ ಜಾಗ ಖಾಲಿ ಬಿಡ್ಬೇಕು, ಸುತ್ತ ಎಲೆಯ ಹಸಿರು ತುಂಬಿಸ್ಬೇಕು, ಮೊಗ್ಗು ತನ್ನಷ್ಟಕ್ಕೆ ಎದ್ದು ಬರ್ತದೆ. ತೊಟ್ಟಿನ ಹತ್ರ ಒಂದು ಚೂರು ತೆಳು ಹಸಿರು, ಅಷ್ಟೇ. ಮೂರು ವಾರ ಹಿಡೀತು ಒಂದು ಗಿಡಕ್ಕೆ. ಕನ್ನಡಕ ಒರೆಸಿ ಒರೆಸಿ ಸಾಕಾಯ್ತು.

ಮೊನ್ನೆ ಅತ್ತಿಗೆ ಬಂದಿದ್ರು, 78 ವರ್ಷ, ಈಗಲೂ ದಿನಕ್ಕೆ ಎರಡು ಚೆಂಡು ಕಟ್ತಾರೆ. ಚಿತ್ರ ಕೊಟ್ಟೆ. ಕಿಟಕಿ ಹತ್ರ ಹಿಡಿದು ತುಂಬಾ ಹೊತ್ತು ನೋಡಿದ್ರು, ತುಟಿ ಅಲ್ಲಾಡ್ತಿತ್ತು, ಮಂತ್ರ ಗಿಂತ್ರ ಹೇಳ್ತಿದ್ದಾರಾ ಅಂತ ನನಗೆ ಸಂಶಯ. ಅಲ್ಲ, ಬೆರಳಿಟ್ಟು ಮೊಗ್ಗು ಎಣಿಸ್ತಿದ್ರು.

"ಎಂತ ಮಾರಾಯ್ತಿ, ನೂರೂ ಇಲ್ಲ ಇದ್ರಲ್ಲಿ. ಮೂರು ವಾರ ಎಂತ ಮಾಡಿದ್ದು ನೀನು?"

ಹೋಗುವಾಗ ಚಿತ್ರವನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕ್ಕೊಂಡು ಹೋದ್ರು, ಕೇಳ್ಲೂ ಇಲ್ಲ.